ಜಾಳಿ ಕಪಾಟಿನೊಳಗಿನ ಗ್ರಾಫಿಕ್ಸ್ ಕಾರ್ಡು

ನಮ್ಮ ಮನೆಯಲ್ಲಿ ಬಾಯಿ ಇರುವ ವಸ್ತುಗಳೆಲ್ಲ ಬಟ್ಟೆ ಕಟ್ಟಿಕೊಂಡಿರುತ್ತವೆ. ಅಡುಗೆಮನೆಯ ನಲ್ಲಿಗೆ ಒಂದು ಬಿಳಿಯ ಚೀಲ, ಬಚ್ಚಲಿನ ನಲ್ಲಿಗೆ ಇನ್ನೊಂದು, ಕುಡಿಯುವ ನೀರಿನ ಕೊಡಕ್ಕೆ ಎರಡು ಮಡಿಕೆಯ ಅರಿವೆ. ನಾವು ಜೈನರು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ ಎಂದು ನಂಬಿದವರು. ಅವನ್ನು ಅರಿವೆಯಲ್ಲಿ ಸೋಸಿ ಉಳಿಸಿ, ಆಮೇಲೆ ನೀರು ಕುಡಿಯುವವರು. ಚಿಕ್ಕವಳಿದ್ದಾಗ ಗೆಳತಿಯರ ಮನೆಗೆ ಹೋದರೆ ಬರಿಮೈಯ ನಲ್ಲಿಗಳನ್ನು ಕಂಡು ಅವುಗಳ ಪರವಾಗಿ ನನಗೇ ನಾಚಿಕೆಯಾಗುತ್ತಿತ್ತು. ಇಂಥ ಮನೆಗೆ, ಮೈಮೇಲೆ ಒಂದು ಡಬ್ಬಿಯೂ ಇಲ್ಲದೆ ಎರಡು ಫ್ಯಾನು ಬಿಚ್ಚಿಕೊಂಡು ಕೂರುವ ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡನ್ನು ತರುವ ಮೊದಲು ನಾನು ಸ್ವಲ್ಪ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಎಲ್ಲವನ್ನೂ ಯೋಚಿಸಿಯೇ ಮಾಡುವವಳೆಂದು ನನಗೆ ಹೆಸರಿದೆ, ಅದೇ ತಮಾಷೆ. ನಾನು ದಿನಚರಿ ಬರೆಯುತ್ತೇನೆ, ತಾರೀಖು ಹಾಕುತ್ತೇನೆ. ಕರೆಂಟು ಯಾವಾಗ ಹೋಯಿತು, ಎದುರುಮನೆಯ ನಾಯಿ ಎಷ್ಟು ಮರಿ ಹಾಕಿತು, ಯಾವ ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು, ಎಲ್ಲಕ್ಕೂ ಲೆಕ್ಕವಿದೆ. ಶಾಲೆ ಕಲಿತದ್ದು ಮರಾಠಿಯಲ್ಲಿ, ಜಗಳ ಆಡುವುದೂ ಮರಾಠಿಯಲ್ಲಿ. ದಿನಚರಿ ಮಾತ್ರ ಕನ್ನಡದಲ್ಲಿ. ಯಾಕೆಂದರೆ ಕನ್ನಡ ಅಕ್ಷರ ತಿದ್ದಿಸಿದವಳು ನನ್ನ ಅಜ್ಜಿ, ಅಪ್ಪನ ತಾಯಿ. ಅದರ ಗುರುದಕ್ಷಿಣೆಯಾಗಿ ಅವಳು ದಿನಾ ಮಧ್ಯಾಹ್ನ ನನ್ನ ದಿನಚರಿ ಓದುತ್ತಾಳೆ. ಕದ್ದಲ್ಲ, ಕನ್ನಡಕ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಪೇಪರು ಓದಿದಂತೆ. "ನಿನ್ನಿ ಮತ್ತ ಮೂರ್ ಸಲ ಚಹಾ ಕುಡದಿ?" ಎಂದು ಅಲ್ಲಿಂದಲೇ ಕೂಗುತ್ತಾಳೆ.

ಸಾಂಗಲಿಯ ವಿಶ್ರಾಮಬಾಗದ ಈ ಮನೆಯಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ನಾನು ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಿಂದಲೂ ಹಾಗೆಯೇ. ಕಿಟಕಿಯ ಬದಿ ಅವಳದು, ಟೇಬಲ್ಲಿನ ಬದಿ ನನ್ನದು. ಬೆಳಗಿನ ಜಾವ ಅವಳು ಚಾಪೆಯ ಮೇಲೆ ಕೂತು ಮೆಲ್ಲಗೆ ಮಂತ್ರ ಹೇಳುವ ದನಿಗೆ ನನಗೆ ಎಚ್ಚರವಾಗುತ್ತದೆ. ಆಮೇಲೆ ಅದೇ ದನಿಗೆ ಮತ್ತೆ ನಿದ್ದೆ ಬರುತ್ತದೆ. ಆ ಎರಡನೆಯ ನಿದ್ದೆಗೆ ಸಮನಾದದ್ದು ಜಗತ್ತಿನಲ್ಲಿ ಇಲ್ಲ.

ನನ್ನ ಕೆಲಸ ಅಡುಗೆಮನೆಗಳದು. ಅಡುಗೆ ಮಾಡಲು ಬರುತ್ತದೆಂದು ತಪ್ಪು ತಿಳಿಯಬೇಡಿ. ಸಾಂಗಲಿ, ಮಿರಜದಲ್ಲಿ ಅಡುಗೆಕಟ್ಟೆಯ ಕೆಳಗೆ ಎಳೆದು ತೆರೆಯುವ ಸ್ಟೀಲಿನ ಖಾನೆ, ಅಂದರೆ ಕಿಚನ್ ಟ್ರಾಲಿ, ಕೂರಿಸುವ ಅಂಗಡಿಗಳಿವೆಯಲ್ಲ, ಅವರ ಗಿರಾಕಿಗಳಿಗೆ "ನಿಮ್ಮ ಅಡುಗೆಮನೆ ಹೀಗೆ ಕಾಣುತ್ತದೆ" ಎಂದು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು ನನ್ನ ಉದ್ಯೋಗ. ನನ್ನ ಅಡುಗೆಮನೆಗಳಲ್ಲಿ ಇವತ್ತಿನವರೆಗೆ ಯಾರೂ ಒಗ್ಗರಣೆ ಹಾಕಿಲ್ಲ, ಗೋಡೆಗಳು ಹಾಲಿನಂತಿವೆ. ಆದರೆ ಆ ಹೊಳಪು, ಆ ನೆರಳು, ಸ್ಟೀಲಿನ ಮೇಲೆ ಬೀಳುವ ಕಿಟಕಿಯ ಬೆಳಕು ಇವನ್ನೆಲ್ಲ ಲೆಕ್ಕ ಹಾಕುವಷ್ಟರಲ್ಲಿ ನನ್ನ ತೆಳ್ಳಗಿನ ಲ್ಯಾಪ್‌ಟಾಪು ಏದುಸಿರು ಬಿಡುತ್ತಿತ್ತು. ಅದನ್ನು ಚಿತ್ರಕ್ಕೆ ಕೂರಿಸಿ ನಾನು ಸ್ನಾನ ಮಾಡಿ, ಊಟ ಮಾಡಿ, ಅಮ್ಮನಿಂದ ಬೈಸಿಕೊಂಡು ಬಂದರೂ ಅರ್ಧ ಸಿಂಕು ಮಾತ್ರ ಮೂಡಿರುತ್ತಿತ್ತು.

ಆಗ ಮಿರಜದ ಗೆಳತಿ ಋತುಜಾ ತನ್ನ ಹಳೆಯ ಡೆಸ್ಕ್‌ಟಾಪಿನಲ್ಲಿ ಚಿತ್ರ ಬೇಗ ಮೂಡಿಸುತ್ತಿದ್ದ ಗ್ರಾಫಿಕ್ಸ್ ಕಾರ್ಡು ಕೊಟ್ಟಳು. ಅವಳ ಮನೆ ತಂಬೂರಿ ಮಾಡುವವರ ಓಣಿಯಲ್ಲಿದೆ. ತಂಬೂರಿಯ ಸೋರೆ ಬುರುಡೆಗಳಿಗೆ ಸುತ್ತುವಂಥ ಮೆತ್ತನೆಯ ಬಟ್ಟೆಯಲ್ಲಿ ಕಾರ್ಡನ್ನು ಸುತ್ತಿ ನನ್ನ ತೊಡೆಯ ಮೇಲಿಟ್ಟಳು. ರಿಕ್ಷಾದಲ್ಲಿ ಪಕ್ಕ ಕೂತ ನಡುವಯಸ್ಸಿನ ಮಾವಶಿಯೊಬ್ಬಳು ಕೂಸೆಂದುಕೊಂಡು ತನ್ನ ಸೆರಗು ಎಳೆದು ಜಾಗ ಬಿಟ್ಟಳು.

ಡೆಸ್ಕ್‌ಟಾಪಿನ ಕಾರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸುವುದೆಂದರೆ ಹೊಟ್ಟೆಯೊಳಗಿರಬೇಕಾದ ಅಂಗವನ್ನು ಹೊರಗೆ ಬೆಳೆಸಿದಂತೆ. ಲ್ಯಾಪ್‌ಟಾಪಿನ ಬೆನ್ನು ಬಿಚ್ಚಬೇಕು. ಒಳಗೆ ಇನ್ನೊಂದು ಡಿಸ್ಕಿಗೆಂದು ಖಾಲಿ ಬಿಟ್ಟ ಜಾಗದಲ್ಲಿ ಒಂದು ಪುಟ್ಟ ಪಟ್ಟಿ ಸಿಕ್ಕಿಸಬೇಕು. ಅದರಿಂದ ರಿಬ್ಬನ್ನಿನಂಥ ಚಪ್ಪಟೆ ಕೇಬಲ್ಲು ಹೊರಗೆ ಬರುತ್ತದೆ. ಕೇಬಲ್ಲಿನ ಆ ತುದಿಯಲ್ಲಿ ಕಾರ್ಡು ನಿಲ್ಲುತ್ತದೆ. ಕಾರ್ಡಿನ ಹಸಿವು ದೊಡ್ಡದು, ಲ್ಯಾಪ್‌ಟಾಪು ಅದಕ್ಕೆ ಉಣ್ಣಲು ಹಾಕಲಾರದು. ಆದ್ದರಿಂದ ಅದಕ್ಕೆ ಕರೆಂಟು ಕೊಡುವ ಡಬ್ಬಿ ಬೇರೆ. ಒಂದು ವಾರ ನನ್ನ ದಿನಚರಿಯಲ್ಲಿ "ಪರದೆ ಕಪ್ಪು" ಎಂಬ ಒಂದೇ ಸಾಲು ಇತ್ತು. ಕೊನೆಗೆ ತಿಳಿದದ್ದು ಇಷ್ಟೇ: ಮೊದಲು ಕಾರ್ಡಿನ ಡಬ್ಬಿಯ ಸ್ವಿಚ್ಚು, ಆಮೇಲೆ ಲ್ಯಾಪ್‌ಟಾಪು. ಹಿಂದುಮುಂದಾದರೆ ಲ್ಯಾಪ್‌ಟಾಪಿಗೆ ಕಾರ್ಡಿನ ಗುರುತೇ ಸಿಗುವುದಿಲ್ಲ.

ಇಷ್ಟೂ ದಿನ ಅಜ್ಜಿ ಕಿಟಕಿಯ ಬದಿಯಿಂದ ನೋಡುತ್ತಿದ್ದಳು. ಚಿತ್ರ ಮೂಡಿದ ದಿನ ಎದ್ದು ಬಂದು ಮೊದಲು ಕಾರ್ಡಿನ ಕಡೆ, ಆಮೇಲೆ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದಳು.

"ಇದು ಅದಕ್ಕ ಏನಾಗಬೇಕು?"

"ಕೆಲಸಕ್ಕ ಬಂದಾಕಿ ಅಂತ ತಿಳ್ಕೊ ಅಜ್ಜಿ. ಚಿತ್ರಾ ಮೂಡಸೂದೆಲ್ಲಾ ಇದರ ಕೆಲಸ."

"ಊಟ ಎಲ್ಲಿ?"

"ಬ್ಯಾರೆ. ಈ ಡಬ್ಬಿಯಿಂದ."

"ಹಂಗಾರ ಕೆಲಸದಾಕಿ ಅಲ್ಲಬೇ. ನಮ್ಮ ಬಾಬು ಇದ್ದಂಗ. ಒಲಿ ಬ್ಯಾರೆ, ಮನಿ ಒಂದ."

ಬಾಬು ಎಂದರೆ ನನ್ನ ಕಾಕಾ, ಅಪ್ಪನ ತಮ್ಮ. ಕವಲಾಪುರದಲ್ಲಿ ದ್ರಾಕ್ಷಿ ತೋಟ ನೋಡಿಕೊಂಡು ಅಲ್ಲಿಯೇ ಇದ್ದಾರೆ. ನಾನು ಓದಿದ ಎಷ್ಟೋ ಇಂಟರ್ನೆಟ್ ಪುಟಗಳು ಈ ಜೋಡಣೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಆಮೇಲಿನ ದಿನಗಳು ಸುಖದವು. ಚಹಾ ಆರುವುದರೊಳಗೆ ಅಡುಗೆಮನೆ ತಯಾರು. ಅಷ್ಟರಲ್ಲಿ ಮಳೆ ಹಿಡಿಯಿತು. ಸಂಜೆ ದೀಪ ಹಾಕಿದರೆ ಸಾಕು, ಎಲ್ಲೆಲ್ಲಿಂದಲೋ ರೆಕ್ಕೆಯ ಹುಳುಗಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಬಂದ ಅಜ್ಜಿ ತಿರುಗುವ ಫ್ಯಾನುಗಳನ್ನೇ ನೋಡುತ್ತ ನಿಂತಳು.

"ಇದರಾಗ ಹುಳ ಬಿದ್ರ?"

"ಬೀಳೂದಿಲ್ಲ ಅಜ್ಜಿ. ಭಾಳ ಸಣ್ಣ ಫ್ಯಾನ್."

"ನೀ ನೋಡೀಯೇನ?"

ನೋಡಿರಲಿಲ್ಲ. ನೋಡದೆ ಹೇಳುವುದು ನನ್ನ ಪದ್ಧತಿಯೂ ಅಲ್ಲ. ಕಾರ್ಡಿನ ಕೆಳಗೆ ಬಿಳಿಯ ಹಾಳೆ ಹಾಸಿದೆ. ದಿನವೂ ನೋಡಿ ಬರೆಯುತ್ತೇನೆ, ಸೊನ್ನೆ, ಸೊನ್ನೆ, ಸೊನ್ನೆ ಎಂದು ಬರೆದು ಅಜ್ಜಿಯ ಮನಸ್ಸು ತಿಳಿಮಾಡುತ್ತೇನೆ ಎಂಬುದು ನನ್ನ ಲೆಕ್ಕ. ಎರಡು ದಿನ ಸೊನ್ನೆಯೇ ಇತ್ತು. ಮೂರನೆಯ ಸಂಜೆ ಹಾಳೆಯ ಮೇಲೆ ಒಂದು ಪತಂಗ ಬಿದ್ದಿತ್ತು, ರೆಕ್ಕೆ ಒಂದು ಕಡೆ, ಮೈ ಒಂದು ಕಡೆ. "ಪತಂಗ: ಒಂದು" ಎಂದು ಬರೆದೆ. ಮರುದಿನ ಮಧ್ಯಾಹ್ನ ಅಜ್ಜಿ ಆ ಸಾಲು ಓದಿ ದಿನಚರಿ ಮಡಚಿಟ್ಟಳು.

"ನಾಲ್ಕು ಇಂದ್ರಿಯದ್ದು," ಎಂದಳು. "ನಿನಗಿಂತ ಒಂದ ಕಡಿಮಿ."

ನಮ್ಮಲ್ಲಿ ಜೀವಗಳನ್ನು ಇಂದ್ರಿಯಗಳಿಂದ ಎಣಿಸುತ್ತಾರೆ. ಗಿಡ, ನೀರು, ಗಾಳಿಗೆ ಒಂದೇ ಇಂದ್ರಿಯ, ಮುಟ್ಟಿದರೆ ತಿಳಿಯುವುದು. ಎರೆಹುಳುವಿಗೆ ಎರಡು, ಇರುವೆಗೆ ಮೂರು, ಪತಂಗಕ್ಕೆ ನಾಲ್ಕು, ನಮಗೆ ಐದು. ಎಣಿಕೆಯ ಚಟ ನನಗೆ ಎಲ್ಲಿಂದ ಬಂತೆಂದು ಇದರಿಂದ ತಿಳಿಯಬಹುದು. ಆದರೆ ನನ್ನ ಎಣಿಕೆ ಸುಮ್ಮನೆ ಎಣಿಕೆ. ಅಜ್ಜಿಯ ಎಣಿಕೆಯಲ್ಲಿ ಪ್ರತಿಯೊಂದು ಅಂಕಿಗೂ ನೋವಾಗುತ್ತದೆ.

ಅವಳು ಬೈಯಲಿಲ್ಲ. ಬೈದಿದ್ದರೆ ಮರಾಠಿಯಲ್ಲಿ ಜಗಳವಾದರೂ ಆಡುತ್ತಿದ್ದೆ. ಸಂಜೆ, ಅಮ್ಮ ಹಾಲು ಕೊಡಲು ಬಂದಾಗ, ಯಾರಿಗೋ ಹೇಳಿದಂತೆ ಹೇಳಿದಳು: "ಚಾತುರ್ಮಾಸ ಹತ್ರ ಬಂತು. ಈ ಸಲ ನಾಕೂ ತಿಂಗಳು ನಾ ಬಾಬೂನ ಕಡೆ ಇರ್ತೇನಿ. ಬಸದಿನೂ ಮನಿ ಮಗ್ಗಲಕ ಐತಿ."

"ಯಾಕ್ರಿ ಅತ್ತಿ, ಏನಾತು?" ಎಂದಳು ಅಮ್ಮ.

"ಏನಿಲ್ಲ ತಗಿ. ವ್ರತದಾಗ ಕುಂತಾಗ ಮಗ್ಗಲಕ ಜೀವ ಹೋಗಬಾರದು ಅಷ್ಟ."

ನಾನು ಹೇಳಿದೆ: "ಸಂಜಿ ಆದ ಕೂಡ್ಲೆ ನಾ ಇದನ್ನ ಬಂದ್ ಮಾಡ್ತೇನಿ. ನೀ ಹೋಗಬ್ಯಾಡ."

"ಅಂಗಡಿಯವರು ಬದಲ ಮಾಡು ಅಂತ ಫೋನ್ ಮಾಡೂದ ಸಂಜೀಕ. ನನ್ನ ವ್ರತಕ್ಕ ನೀ ಯಾಕ ಉಪಾಸ ಮಾಡ್ತಿ?"

ಅವಳ ಕೈಚೀಲ ಗೂಟದಿಂದ ಕೆಳಗಿಳಿಯಿತು. ಎರಡು ಬಿಳಿಯ ಸೀರೆ, ಜಪಮಾಲೆ, ಕನ್ನಡಕದ ಡಬ್ಬಿ ಒಂದೊಂದಾಗಿ ಒಳಗೆ ಹೋದವು. ನಾಲ್ಕು ತಿಂಗಳು ಎರಡನೆಯ ನಿದ್ದೆ ಇಲ್ಲ, ದಿನಚರಿಗೆ ಓದುಗರಿಲ್ಲ. ಓದುಗರಿಲ್ಲದ ದಿನಚರಿಯಲ್ಲಿ ಎಷ್ಟು ಸಲ ಚಹಾ ಕುಡಿದರೂ ಯಾರಿಗೇನು?

ಹೊರಡುವ ಹಿಂದಿನ ದಿನ ಲ್ಯಾಪ್‌ಟಾಪನ್ನು ಮಿರಜದ ಅಂಗಡಿಯೊಂದರ ಚಿತ್ರಕ್ಕೆ ಕೂರಿಸಿ ನಾನು ಸ್ನಾನಕ್ಕೆ ಹೋಗಿದ್ದೆ. ತಲೆಯಲ್ಲಿ ಸೋಪಿನ ನೊರೆ. ಕೋಣೆಯಿಂದ ವಿಮಾನ ಏರಿದಂಥ ಸದ್ದು. ಒದ್ದೆ ಕೂದಲಿನಲ್ಲಿ ಓಡಿ ಬಂದೆ. ಕಾರ್ಡಿನ ಸುತ್ತ ನೀರು ಸೋಸುವ ಅರಿವೆಯನ್ನು ಎರಡು ಮಡಿಕೆ ಮಾಡಿ ಸುತ್ತಿ, ನಲ್ಲಿಗೆ ಕಟ್ಟುವಂತೆ ಅಚ್ಚುಕಟ್ಟಾಗಿ ದಾರ ಕಟ್ಟಿತ್ತು. ನಾನು ಮುಟ್ಟುವುದರೊಳಗೆ ಪರದೆ ಕಪ್ಪಾಯಿತು, ಸದ್ದು ನಿಂತಿತು. ಅಜ್ಜಿ ಪಕ್ಕದಲ್ಲೇ ನಿಂತಿದ್ದಳು, ಬೆರಳಿಗೆ ಇನ್ನೂ ಉಳಿದ ದಾರ ಸುತ್ತಿಕೊಂಡು.

ಹೋಗದೆ ಉಳಿಯಲು ಅವಳು ಹುಡುಕಿದ ದಾರಿ ಅದು.

"ಉಸಿರು ಕಟ್ಟಿತೇನ?" ಎಂದಳು.

ಅರಿವೆ ಬಿಚ್ಚಿದೆ. ಇಸ್ತ್ರಿ ಮಾಡಿದಷ್ಟು ಬಿಸಿಯಾಗಿತ್ತು. "ಏನೂ ಆಗಿಲ್ಲ ಅಜ್ಜಿ, ಕಾವು ಹೆಚ್ಚಾದ್ರ ಅದು ತಾನ ಬಂದ್ ಆಗತೈತಿ. ಅದಕ್ಕ ಜೀವ ಇಲ್ಲ, ಅಜೀವ."

"ಅಜೀವ ಆದ್ರ ಗಾಳಿ ಯಾಕ ಬೇಕು? ಊಟ ಬೇಕು, ಗಾಳಿ ಬೇಕು, ಕಾವು ಏರಿದ್ರ ಮಕ್ಕೊಂಡ ಬಿಡತೈತಿ. ಮತ್ತೇನ ಉಳೀತು?" ಎಂದು ಅವಳು ಕಾರ್ಡಿನ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವಂತೆ. ಶಾಸ್ತ್ರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅಂಗೈಗೆ ಬಿಸಿ ತಾಗಿದಾಗ ಶಾಸ್ತ್ರ ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ.

ಆಮೇಲೆ ಅವಳು ಹಿಂದಿನ ಬಾಲ್ಕನಿಗೆ ಹೋದಳು. ಅಲ್ಲಿ ಅವಳ ಜಾಳಿ ಕಪಾಟು ಇತ್ತು. ನಾಲ್ಕು ಕಾಲಿನ ಕಟ್ಟಿಗೆಯ ಚೌಕಟ್ಟು, ಸುತ್ತಲೂ ಸಣ್ಣ ಕಣ್ಣಿನ ತಂತಿ ಜಾಳಿ. ಮನೆಗೆ ಫ್ರಿಜ್ ಬರುವ ಮೊದಲು ಹಾಲು, ಬೆಣ್ಣೆ, ಸಿಹಿ ಎಲ್ಲ ಅದರೊಳಗೆ ಇರುತ್ತಿದ್ದವು. ಗಾಳಿ ಒಳಗೆ ಹೋಗಬೇಕು, ಹುಳು ಹೋಗಬಾರದು ಎಂದೇ ಹುಟ್ಟಿದ ವಸ್ತು. ಬೇರೆಯವರು ಇಂಥ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುತ್ತಾರೆ, ಇರುವೆ ಹತ್ತಬಾರದೆಂದು. ಅಜ್ಜಿ ಹಾಗೆ ಮಾಡಿದವಳಲ್ಲ, ನೀರಿಗೆ ಬಿದ್ದ ಇರುವೆ ಸಾಯುತ್ತದೆ. ಅವಳದು ಪ್ರತಿ ಕಾಲಿನ ಸುತ್ತ ಅರಿಸಿನದ ಗೆರೆ. ಅರಿಸಿನಕ್ಕೇನು, ಅರಿಸಿನದ ಪೇಟೆಯೇ ಆದ ಸಾಂಗಲಿಯಲ್ಲಿ ಬರವೇ?

ಹಳೆಯ ಪೇಪರುಗಳನ್ನು ತೆಗೆದು, ಧೂಳು ಒರೆಸಿ, ನಾವಿಬ್ಬರೂ ಎತ್ತಿ ತಂದೆವು. ಕೇಬಲ್ಲು ಗಿಡ್ಡ, ಹೆಚ್ಚು ದೂರ ಹೋಗದು. ಆದ್ದರಿಂದ ಕಪಾಟು ಟೇಬಲ್ಲಿಗೆ ಅಂಟಿಕೊಂಡೇ ನಿಂತಿತು. ಹಾಲಿನ ತಪ್ಪಲೆ ಇಡುತ್ತಿದ್ದ ಅಂಕಣದಲ್ಲಿ ಕಾರ್ಡು, ಬೆಣ್ಣೆಯ ಅಂಕಣದಲ್ಲಿ ಕರೆಂಟಿನ ಡಬ್ಬಿ. ಕೇಬಲ್ಲು ಹೊರಬರುವ ಸಂದಿಗೆ ಅಜ್ಜಿ ಅದೇ ಅರಿವೆಯ ತುಂಡು ತುರುಕಿದಳು. ಸ್ವಿಚ್ಚಿನ ಕ್ರಮ ಹೇಳಿಕೊಟ್ಟೆ: ಮೊದಲು ಇದು, ಆಮೇಲೆ ಲ್ಯಾಪ್‌ಟಾಪು. "ಗೊತ್ತೈತಿ, ಪಂಕ್ತಿಯೊಳಗ ಮೊದಲು ದೊಡ್ಡವರಿಗೆ ಬಡಸೂದು," ಎಂದು ಒತ್ತಿದಳು. ಫ್ಯಾನು ತಿರುಗಿತು. ಅರ್ಧಕ್ಕೆ ನಿಂತಿದ್ದ ಅಡುಗೆಮನೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಕಾವು ಅರಿವೆ ಸುತ್ತುವ ಮೊದಲಿನಷ್ಟೇ ಇತ್ತು, ಬರೆದಿಟ್ಟಿದ್ದೇನೆ.

ಕಪಾಟಿನೊಳಗೂ ಬಿಳಿಯ ಹಾಳೆ ಹಾಸಿದ್ದೇನೆ. ದಿನಾ ಸೊನ್ನೆ. ಒಂದು ಸಂಜೆ ಪತಂಗವೊಂದು ಹೊರಗಿನಿಂದ ಜಾಳಿಗೆ ಅಂಟಿ ಒಳಗಿನ ಫ್ಯಾನನ್ನೇ ನೋಡುತ್ತ ಕೂತಿತ್ತು. ಅಜ್ಜಿ ಅದಕ್ಕೆ ಹೇಳಿದಳು: "ನೀ ಹೊರಗ ಇರವ್ವಾ. ನೀ ಹೊರಗ ಇದ್ರ ನಾ ಒಳಗ ಇರ್ತೇನಿ."

ಕೈಚೀಲದ ಮಾತು ಯಾರೂ ಎತ್ತಲಿಲ್ಲ. ಅದು ತಾನಾಗಿ ಗೂಟ ಹತ್ತಿತು, ಜಪಮಾಲೆ ಕಿಟಕಿಗೆ ಬಂತು. ಕಾಕಾ ಫೋನ್ ಮಾಡಿ ಗಾಡಿ ತರಲೇ ಎಂದು ಕೇಳಿದಾಗ ಅಜ್ಜಿ ದೊಡ್ಡ ದನಿಯಲ್ಲಿ, ನನಗೂ ಕೇಳಲೆಂದು, ಹೇಳಿದಳು: "ಈ ಸಲ ಬರಾಕ ಆಗೂದಿಲ್ಲಪಾ ಬಾಬು. ಇಕಿ ಕಪಾಟಿನ ಚಿಲಕ ಹಾಕೂದ ಮರೀತಾಳ. ದಿನಾ ಸಂಜೀಕ ನಾನ ಹಾಕಬೇಕು."

ಕಪಾಟಿನ ಬಾಗಿಲು ಬಿಗಿ. ದೂಡಿದರೆ ಸಾಕು, ಇರುವೆಯೂ ನುಸುಳದಂತೆ ಕೂರುತ್ತದೆ. ಚಿಲಕ ಬರೀ ಶೋಭೆಗೆ. ಆದರೂ ಸಂಜೆಯಾಗುತ್ತಲೇ ಅಜ್ಜಿ ಎದ್ದು ಬಂದು, "ಮತ್ತ ಮರತಿ ನೋಡು," ಎಂದು ಚಿಲಕ ಹಾಕಿ, ಜಾಳಿಯ ಮೇಲೆ ಒಂದು ಸಲ ಅಂಗೈ ಇಟ್ಟು ಕಾವು ನೋಡಿ ಹೋಗುತ್ತಾಳೆ.

ನಾನು ಯಾವುದನ್ನೂ ಮರೆಯುವವಳಲ್ಲ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಸಂಜೆ ಅಜ್ಜಿ ಎದ್ದು ಬರುವ ಮೊದಲೇ ಆ ಚಿಲಕವನ್ನು ತೆಗೆದಿಡುವುದನ್ನೂ ನಾನು ಇವತ್ತಿನವರೆಗೆ ಒಂದು ದಿನವೂ ಮರೆತಿಲ್ಲ. ಇದನ್ನು ಮಾತ್ರ ದಿನಚರಿಯಲ್ಲಿ ಬರೆಯದೆ ಇಲ್ಲಿ ನಿಮಗೆ ಹೇಳುತ್ತಿದ್ದೇನೆ. ದಿನಚರಿಯನ್ನು ಅಜ್ಜಿ ಓದುತ್ತಾಳೆ.