ಹೆಸರು ಬದಲಿಸಿ ಫೋನ್ ಮಾಡುತ್ತಿದ್ದ ನೀರುಗಂಟಿ

ಮಧುಗಿರಿಯ ನಮ್ಮ ಸಣ್ಣ ರೇಡಿಯೋ ಕೇಂದ್ರಕ್ಕೆ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಜನ ಫೋನ್ ಮಾಡಿ ಮಾತಾಡುತ್ತಾರೆ. ಅವರನ್ನು ಮಾತಾಡಿಸುವವಳು ನಾನು, ವನಜಾಕ್ಷಿ. ಎಲೆಕ್ಷನ್ನು, ಎಮ್ಮೆಯ ಕಾಯಿಲೆ, ಬಾರದ ಬಸ್ಸು, ಸೊಸೆಯ ಮೇಲಿನ ಚಾಡಿ, ಎಲ್ಲಕ್ಕೂ ಹೂಂಗುಟ್ಟುತ್ತೇನೆ. ಬಾಯಿ ಜೋರು ಅಂತ ನನಗೆ ಹೆಸರಿದೆ. ಆ ಬಾಯಿಂದಲೇ ಒಬ್ಬರ ಅನ್ನ ಕಿತ್ತುಕೊಂಡೆ.

ಅವರು ಸಣ್ಣರಂಗಯ್ಯ. ಪಾವಗಡ ರಸ್ತೆಯ ಒಂದು ಊರಿನಲ್ಲಿ ಪಂಚಾಯ್ತಿಯ ನೀರುಗಂಟಿ. ದಿನಾ ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವ ಕೆಲಸವನ್ನು ಇಪ್ಪತ್ತೆರಡು ವರ್ಷ ಮಾಡಿದ್ದರು. ಆದರೆ ಫೋನಿನಲ್ಲಿ ಅವರು ನನಗೆ ಮೊದಲು ಪರಿಚಯವಾದದ್ದು ತಿಮ್ಮರಾಯಪ್ಪ ಅಂತ. ಮುಂದಿನ ವಾರ ಅದೇ ದನಿ ಭೀಮರಾಜು ಆಯಿತು. ದೂರು ಮಾತ್ರ ಒಂದೇ.

"ಮೇಲ್ಗಡೆ ಬೀದಿಗೆ ಒಂದ್ ಗಂಟೆ ನೀರು, ಕೆಳಗಡೆ ಬೀದಿಗೆ ಹತ್ತೇ ನಿಮ್ಸ. ಇದ್ಯಾವ್ ನ್ಯಾಯ ಕಣಮ್ಮ?"

ಎರಡು ಮಾತಿಗೊಂದು ಸಲ ಒಣ ಕೆಮ್ಮು. ಹೆಸರು ಬದಲಿಸಿದರೂ ಪಾಪ, ಕೆಮ್ಮು ಬದಲಿಸಲು ಬರುತ್ತಿರಲಿಲ್ಲ. ಒಂದು ದಿನ ಹಾಡು ಹಾಕಿದ್ದಾಗ, ಪ್ರಸಾರದಲ್ಲಿ ಕೇಳಿಸದಂತೆ, ಫೋನಿನಲ್ಲೇ ಗದರಿದೆ: "ಯಾರ್ರೀ ನೀವು? ನಿಜ ಹೇಳಿ."

ಅವತ್ತೇ ಮಧ್ಯಾಹ್ನ ಅವರು ಬಸ್ಸು ಹತ್ತಿ ಕೇಂದ್ರಕ್ಕೇ ಬಂದು ನಿಜವಾದ ಹೆಸರು ಹೇಳಿದರು. ಅರವತ್ತರ ಹತ್ತಿರದ ಮನುಷ್ಯ, ತಲೆಗೆ ಟವೆಲ್ಲು. ವಾಲ್ವ್ ತಿರುಗಿಸುವ ಕಬ್ಬಿಣದ ರಾಡನ್ನೂ ಜೊತೆಗೇ ತಂದಿದ್ದರು. ಬಿಟ್ಟುಬಂದರೆ ಯಾರಾದರೂ ತಿರುಗಿಸಿಯಾರು ಅಂತ.

"ಹತ್ತ್ ನಿಮ್ಸಕ್ಕೆ ನಿಲ್ಸೋನು ನಾನೇ ಕಣಮ್ಮ" ಅಂದರು. "ಪಂಚಾಯ್ತಿ ಮೆಂಬರ್ ಮನೆ ಮೇಲ್ಗಡೆ ಬೀದೀಲೈತೆ. ಅವರು ಹೇಳ್ದಂಗೆ ತಿರುಗಿಸ್ಬೇಕು. ಕೆಳಗಡೆ ಹೆಣ್ಮಕ್ಳು ಖಾಲಿ ಬಿಂದಿಗೆ ಇಟ್ಕಂಡು ನನ್ ಮುಖಾನೇ ನೋಡ್ತಾರೆ. ಹೊಟ್ಟೆ ಉರೀತದೆ. ನನ್ ಹೆಸ್ರು ಆಚೆಗೆ ಬಂದ್ರೆ ಮಾತ್ರ ಕೆಲ್ಸ ಹೋಯ್ತದೆ. ಇನ್ನೇನ್ ಮಾಡಾಕ್ ಬರ್ತದೆ ನಂಗೆ?"

"ನನ್ನ ಬಾಯಿಂದ ಬರಲ್ಲ ಬಿಡಿ" ಅಂತ ಮಾತು ಕೊಟ್ಟೆ. ಟೀ ತರಿಸಿದೆ. ಅರ್ಧ ಕುಡಿದು, ಸಂಜೆ ನೀರು ಬಿಡಬೇಕು ಅಂತ ಎದ್ದರು.

ಪಂಚಾಯ್ತಿ ಎಲೆಕ್ಷನ್ ಬಗ್ಗೆ ಚರ್ಚೆ ಇಟ್ಟ ದಿನ ಫೋನಿನ ಮೇಲೆ ಫೋನು. ಜಗಳ, ನಗು, ನಾನೂ ಒಳ್ಳೇ ಹುರುಪಿನಲ್ಲಿದ್ದೆ. ಅಷ್ಟರಲ್ಲಿ ಆ ಕೆಮ್ಮು.

"ನಮಸ್ಕಾರ ಕಣಮ್ಮ. ನಾನು ಯುವರಾಜ್ ಅಂತ, ಕಾಲೇಜ್ ಹುಡ್ಗ."

ತಡೆಯಲಾಗಲಿಲ್ಲ, ಪಕಪಕ ನಕ್ಕುಬಿಟ್ಟೆ. "ಅಯ್ಯೋ ಸಣ್ಣರಂಗಯ್ಯ, ಈ ವಯಸ್ಸಲ್ಲಿ ಕಾಲೇಜಾ!"

ಆಚೆ ಕಡೆ ಫೋನು ಕಟ್ಟಾಯಿತು. ನೇರ ಪ್ರಸಾರ, ಊರಿಗೆ ಊರೇ ಕೇಳಿತ್ತು. ಆ ತಿಮ್ಮರಾಯಪ್ಪ, ಭೀಮರಾಜು ಯಾರು ಅಂತ ಎಲ್ಲರಿಗೂ ಗೊತ್ತಾಗಿಹೋಯಿತು. ಥೂ, ನನ್ನ ಬಾಯಿಗೆ ಮಣ್ಣು ಬೀಳ.

ಮೂರನೇ ದಿನಕ್ಕೆ ಪಂಚಾಯ್ತಿಯವರು ಅವರ ಕೈಯಿಂದ ರಾಡು ಕಿತ್ತುಕೊಂಡರು. ನಾನು ಪಂಚಾಯ್ತಿಗೆ ಹೋಗಿ ಕೂಗಾಡಿದೆ. "ವಯಸ್ಸಾಯ್ತು ಅಂತ ಬಿಡಿಸಿದ್ದೀವಿ ಮೇಡಂ" ಅಂದರು. ಸಣ್ಣರಂಗಯ್ಯನವರ ಮನೆಗೂ ಹೋದೆ. ಹೆಂಡತಿ ಚಿಕ್ಕಹನುಮಕ್ಕ ಬಾಗಿಲಲ್ಲೇ ನಿಂತು "ಮಲಗವ್ರೆ" ಅಂದರು. ಒಳಗಿನಿಂದ ಕೆಮ್ಮು ಕೇಳಿಸುತ್ತಲೇ ಇತ್ತು. ನನ್ನನ್ನು ಕೂತ್ಕೋ ಅನ್ನಲಿಲ್ಲ.

ಕಳೆದ ಸೋಮವಾರ ಬೆಳಿಗ್ಗೆ ಫೋನು ಬಂತು. "ನಾನು ಸಣ್ಣರಂಗಯ್ಯ ಮಾತಾಡ್ತಿರೋದು." ಊರಿನ ಹೆಸರನ್ನೂ ಹೇಳಿದರು.

"ಹೇಳಿ ಯಜಮಾನ್ರೆ, ನೀರು ಹೆಂಗೆ ಬರ್ತಿದೆ?"

"ಕೆಳಗಡೆ ಬೀದಿಗೆ ಈಗ ಐದೇ ನಿಮ್ಸ ಕಣಮ್ಮ. ಆಗ್ಲೂ ಮೆಂಬರ್ ಹೇಳ್ತಿದ್ದಿದ್ದು ಐದೇ. ಇನ್ನೈದು ನಾನೇ ಕದ್ದು ಬುಡ್ತಿದ್ದೆ." ಕೆಮ್ಮಿದರು. "ಹೆಸ್ರು ಹೇಳಾಕೆ ಈಗ ಭಯ ಇಲ್ಲ. ಆ ಐದ್ ನಿಮ್ಸ ಬುಡಾಕೆ ಕೈಲಿ ರಾಡಿಲ್ಲ."

ಒಂಬತ್ತಾಗಲು ಇನ್ನೂ ಕಾಲು ಗಂಟೆ ಇತ್ತು. ನಾನು ಮುಂದಿನ ಫೋನು ಎತ್ತಲಿಲ್ಲ. ಹಾಡು ಹಾಕಿ ಹೊರಗೆ ಬಂದು ಅತ್ತೆ.