ನಡುವಿನ ಖಾನೆ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ಅತ್ತೆಯ ಪೂಜೆಗೆ ಪತ್ರೆ, ಹೂವು ತೊಳೆದಿಟ್ಟೆ. ಜೋಳ ಹಸನು ಮಾಡಿ ಬೀಸಲು ಕಳಿಸಿದೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿ ಬಂದೆ. ಯಜಮಾನರ ಅಂಗಿಯ ಕಾಲರು ಸವೆದಿತ್ತು, ಬಿಚ್ಚಿ ತಿರುವಿ ಹೊಲಿದೆ. ಊಟದ ಪಾತ್ರೆ ತಿಕ್ಕಿ ಬೋರಲು ಹಾಕಿದೆ. ಆಮೇಲೆ, ಹಬ್ಬ ಹತ್ತಿರ ಬಂತೆಂದು, ಪಡಸಾಲೆಯ ಗಾಜಿನ ಬೀರುವಿನ ಪೇಪರು ಬದಲಿಸಲು ಕೂತೆ.

ಮೇಲಿನ ಖಾನೆ, ಕೆಳಗಿನ ಖಾನೆ ಸಲೀಸಾಗಿ ಮುಗಿದವು. ನಡುವಿನದು ಮಾತ್ರ ತಕರಾರು ಮಾಡಿತು. ಅಲ್ಲಿ ನಾನು ವರ್ಷವರ್ಷ ಹಳೆಯದರ ಮೇಲೆಯೇ ಹೊಸ ಹಾಳೆ ಹಾಸುತ್ತ ಬಂದವಳು, ತಳದ ಹಾಳೆಗೆ ಕೈ ಹಚ್ಚಿದವಳಲ್ಲ. ಇವತ್ತು ಏನನ್ನಿಸಿತೋ, ಎಲ್ಲ ಎತ್ತಿದೆ. ತಳದ ಹಾಳೆ ಹಲಗೆಗೆ ಅಂಟಿಕೊಂಡಿತ್ತು. ಉಗುರಿನಿಂದ ಎಬ್ಬಿಸಿದರೆ ಕೆಳಗೆ ಅಂಗೈ ಅಗಲದ ಗುಲಾಬಿ ಕಲೆ. ಬಗ್ಗಿ ಮೂಸಿದೆ. ಹನ್ನೆರಡು ವರ್ಷದ ಮೇಲೂ ಸಕ್ಕರೆ ಪಾಕದ ವಾಸನೆ, ಅದರೊಳಗೆ ಸಣ್ಣಗೆ ಇರುವೆ ಹೊಸಕಿದಾಗ ಬರುವ ಆ ಒಗರು ವಾಸನೆ...

ಈ ಬೀರು ನನ್ನದಲ್ಲ. ನನ್ನ ಗಂಡನ ಅಣ್ಣನ ಹೆಂಡತಿಯದು. ಎದುರಿಗೆ ‘ಅಕ್ಕ’ ಎನ್ನುತ್ತಿದ್ದೆ, ಮನಸ್ಸಿನೊಳಗೆ ಬೇರೆ ಬೇರೆ ಹೆಸರು ಇಟ್ಟಿದ್ದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ನನ್ನ ಕೈಲಿ ಆಗುವುದಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅವರು ದಾವಣಗೆರೆ ಪೇಟೆಯ ವ್ಯಾಪಾರಸ್ಥರ ಮಗಳು. ನಾನು ಹರಿಹರದ ಆಚೆ, ಕೊಕ್ಕನೂರಿನ ಹೊಲಮನೆಯ ಹುಡುಗಿ. ನಾನು ಸೊಸೆಯಾಗಿ ಈ ಮನೆಗೆ ಬಂದಾಗ, ಅವರು ಬಂದು ಎಂಟು ವರ್ಷವಾಗಿತ್ತು. ಬೀರು ಅವರ ತವರಿನಿಂದ ಅವರ ಜೊತೆಗೇ ಬಂದದ್ದು. ತೇಗದ ಮರ, ಮೂರು ಖಾನೆ, ಗಾಜಿನ ಬಾಗಿಲು, ಬೀಗದ ಕೈ ಸದಾ ಅವರ ಸೊಂಟದಲ್ಲಿ. ಮೇಲಿನ ಖಾನೆಯಲ್ಲಿ ಗುಲಾಬಿ ಹೂವಿನ ಪಿಂಗಾಣಿ ಕಪ್ಪುಗಳು. ಅವುಗಳಲ್ಲಿ ಒಂದು ತೊಟ್ಟು ಚಹಾ ಕುಡಿದದ್ದನ್ನು ಯಾರೂ ಕಂಡಿಲ್ಲ. ಕೆಳಗೆ ಗಾಜಿನ ಬಾತುಕೋಳಿ, ದಂತದ ಬಾಚಣಿಗೆ, ಹಿತ್ತಾಳೆಯ ಪುಟಾಣಿ ಅಡುಗೆ ಸಾಮಾನು. ನಡುವೆ, ಕಣ್ಣಿನ ಮಟ್ಟಕ್ಕೆ, ಸಕ್ಕರೆ ಆರತಿಯ ಗೊಂಬೆಗಳು.

ನಮ್ಮ ಕಡೆ ಗೌರಿ ಹುಣ್ಣಿಮೆಗೆ, ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸಕ್ಕರೆ ಆರತಿ ಬರುತ್ತದೆ. ಮರದ ಅಚ್ಚಿಗೆ ಪಾಕ ಹೊಯ್ದು ಮಾಡಿದ ಆನೆ, ನವಿಲು, ಗೋಪುರ, ಬಿಳಿಯದು, ಗುಲಾಬಿಯದು, ಹಳದಿಯದು. ಆರತಿ ಬೆಳಗಿದ ಮೇಲೆ ಮುರಿದು ಹಂಚಿ ತಿನ್ನುವುದು. ಇವರು ತಿಂದಿರಲಿಲ್ಲ. ತಮಗೆ ಬಂದದ್ದನ್ನೆಲ್ಲ ಜೋಪಾನ ಮಾಡಿ, ಮದುವೆಯಾದ ಮೇಲೆ ಬೀರುವಿನ ಜೊತೆ ಇಲ್ಲಿಗೇ ವಾಪಸು ತಂದಿದ್ದರು. ಮಳೆಗಾಲ ಕಳೆದ ಮೇಲೆ ಮೊರದಲ್ಲಿಟ್ಟು, ತೆಳು ಬಟ್ಟೆ ಮುಚ್ಚಿ, ಎಳೆ ಬಿಸಿಲಿಗೆ ಒಣಗಿಸುತ್ತಿದ್ದರು. ಇರುವೆ ಹತ್ತಬಾರದೆಂದು ಬೀರುವಿನ ನಾಲ್ಕೂ ಕಾಲಿಗೆ ಕಲ್ಲಿನ ಬಟ್ಟಲು, ಬಟ್ಟಲಿನಲ್ಲಿ ನೀರು.

ಆ ನೀರು ಹಾಕುವ ಕೆಲಸ ನನ್ನದಾಯಿತು. ಬಂದ ಮಾರನೇ ಬೆಳಿಗ್ಗೆಯಿಂದ. ನಾನು ಮುಖ ತೊಳೆದು ಒಳಗೆ ಬರುವುದೇ ತಡ, ಒಲೆ ಮುಂದಿನಿಂದ ಕೇಳುತ್ತಿದ್ದರು: “ತಂಗೀ, ನೀರು ಹಾಕಿದ್ಯಾ?” ಉಂಡೆಯಾ, ಮಲಗಿದೆಯಾ, ತವರಿನ ಕಡೆಯಿಂದ ಕಾಗದ ಬಂತಾ, ಇವು ಯಾವುದನ್ನೂ ಕೇಳಿದವರಲ್ಲ. ನೀರು ಹಾಕಿದ್ಯಾ. ಅಷ್ಟೇ.

ನಾನೂ ಒಂದು ಸಾಮಾನು ತಂದಿದ್ದೆ. ಮದುವೆಗೆ ಮುಂಚೆ ಎರಡು ವರ್ಷ, ಅಜ್ಜಿಯ ಪಕ್ಕ ಕೂತು, ಮಣಿ ಪೋಣಿಸಿ ಮಾಡಿದ ಒಂದು ಜೋಡಿ ಗಿಳಿ. ಹಸಿರು ಮೈ, ಕೆಂಪು ಮೂಗು, ಕೊರಳಿಗೆ ಬಿಳಿ ಮಣಿಯ ಸರ. ಅದನ್ನು ಬೀರುವಿನಲ್ಲಿ ಇಡಬೇಕು ಎಂಬುದು ನನ್ನ ಆಸೆ. ಆಸೆ ಎಂದರೆ ಸಣ್ಣದಾಯಿತು. ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಆ ಬೀರುವನ್ನು. ಅದರೊಳಗೆ ನನ್ನದೂ ಒಂದು ಇದ್ದರೆ ಈ ಮನೆಯೊಳಗೆ ನಾನೂ ಒಬ್ಬಳು ಇದ್ದ ಹಾಗೆ.

ಅತ್ತೆ ಹೇಳಿದರು, “ಇಡಲಿ ಬಿಡೇ, ಒಂದು ಗೇಣು ಜಾಗ ಮಾಡಿಕೊಡು.”

ಅಕ್ಕ ಗಿಳಿಗಳನ್ನು ಎರಡು ಬೆರಳಿನಲ್ಲಿ ಎತ್ತಿ, ತಿರುಗಿಸಿ ನೋಡಿದರು. “ಇದು ಗಾಜಿನ ಬೀರು ಅತ್ತಿ, ಜಾತ್ರಿ ಅಂಗಡಿ ಅಲ್ಲ,” ಎಂದು ಒಯ್ದು ಅಡುಗೆಮನೆಯ ಗೂಡಿನಲ್ಲಿಟ್ಟರು. ಒಲೆಯ ನೇರ ಮೇಲೆ. ಆರು ತಿಂಗಳಿಗೆ ಬಿಳಿ ಮಣಿ ಹೊಗೆ ಹಿಡಿದು ಹುಣಸೆ ಬೀಜದ ಬಣ್ಣಕ್ಕೆ ಬಂತು. ನಾನು ತೆಗೆದು ನನ್ನ ಟ್ರಂಕಿನ ತಳಕ್ಕೆ ಹಾಕಿದೆ. ಅವರು ಅದನ್ನು ಕಂಡರೂ ಕಾಣದ ಹಾಗೆ ಇದ್ದರು.

ಮಧ್ಯಾಹ್ನ ಮಿಲ್ಲಿನ ಕೂಗು ಆದ ಮೇಲೆ, ಗಂಡಸರು ಬರುವುದಕ್ಕೆ ಮುಂಚೆ, ಅವರು ಬೀರುವಿನ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಹಿತ್ತಾಳೆ ಲೋಟದಲ್ಲಿ ಚಹಾ. ಒಂದೊಂದೇ ಗೊಂಬೆ ತೆಗೆದು, ಸೆರಗಿನಿಂದ ಮೆಲ್ಲಗೆ ಒತ್ತಿ, ಮತ್ತೆ ಇದ್ದ ಜಾಗಕ್ಕೇ ಇಡುವುದು. ಹೊತ್ತು ಹೋಗುವುದೇ ಗೊತ್ತಾಗುತ್ತಿರಲಿಲ್ಲ ಅವರಿಗೆ. ದಿನವೆಲ್ಲ ಗಂಟು ಹಾಕಿಕೊಂಡಿರುತ್ತಿದ್ದ ಆ ಹುಬ್ಬು ಸಡಿಲವಾಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಅದನ್ನು ನೋಡಿದರೂ ನನಗೆ ಮೈ ಉರಿಯುತ್ತಿತ್ತು.

ನಾನು ಬಂದ ಮೂರನೇ ಬೇಸಿಗೆ. ಹರಿಹರದಿಂದ ಅವರ ತವರಿನ ಕಡೆಯ ಹೆಂಗಸರು ಬಂದಿದ್ದರು. ಬೀರುವಿನ ಬಾಗಿಲು ತೆರೆಯಿತು. ನಾನು ಮಂಡಕ್ಕಿ ಒಗ್ಗರಣೆ ಹಾಕಿಕೊಂಡು ತಟ್ಟೆ ಹಿಡಿದು ಬಂದೆ.

“ಇವು ನನ್ನ ಮದುವಿ ಗೊತ್ತಾದ ವರ್ಷದವು,” ಎಂದು ಅಕ್ಕ ತೋರಿಸುತ್ತಿದ್ದರು. “ಒಂದು ಬಾಲನೂ ಮುರಿದಿಲ್ಲ ನೋಡ್ರಿ.”

“ಅಯ್ಯ, ಸಕ್ಕರಿ ಅಂದ್ರೆ ನಂಬಾಕ ಆಗಲ್ಲ ಬಿಡ್ರಿ,” ಎಂದಳು ಒಬ್ಬಾಕೆ.

“ನಮ್ಮ ತಂಗಿಗೂ ಇದೇ ಮನೆಯಿಂದ ಹೋಗಿತ್ತು. ಅದು ಎಲ್ಲಿ ಐತೆ ಕೇಳ್ರಿ,” ಎಂದರು ಅಕ್ಕ.

ಆಕೆ ನನ್ನ ಕಡೆ ತಿರುಗಿದಳು. “ಎಲ್ಲಿ ಐತಮ್ಮ?”

ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅಕ್ಕನೇ ಹೇಳಿದರು, “ಹೊಟ್ಟಿಯಾಗೈತೆ! ಹೊತ್ತು ಮುಣುಗೋದ್ರೊಳಗೆ ಊರೆಲ್ಲ ತಿಂದು ಕೈ ತೊಳಕೊಂಡ್ರಂತೆ. ಕೊಕ್ಕನೂರಿನವರಿಗೆ ನವಿಲಾದ್ರೇನು, ಬೆಲ್ಲದ ಹೆಂಟಿ ಆದ್ರೇನು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿ ಮಂಡಕ್ಕಿ ತಟ್ಟೆ ಇತ್ತು, ಬೇರೆ ಏನು ಮಾಡಲಿ.

ಮಾರನೇ ದಿನ ಬೆಳಿಗ್ಗೆ ಕೇಳಿದರು, “ತಂಗೀ, ನೀರು ಹಾಕಿದ್ಯಾ?”

“ಹಾಕಿದೀನಿ ಅಕ್ಕ.”

ಹಾಕಿರಲಿಲ್ಲ. ಮರೆತದ್ದಲ್ಲ. ತಂಬಿಗೆ ಕೈಯಲ್ಲಿ ಹಿಡಿದು ಬೀರುವಿನ ಮುಂದೆ ನಿಂತು, ಹಾಕದೆ ಬಂದೆ. ಎರಡನೇ ದಿನವೂ ಹಾಗೇ. ಮೂರನೇ ದಿನವೂ. ಚೈತ್ರದ ಬಿಸಿಲಿಗೆ ಬಟ್ಟಲಿನ ನೀರು ತಳ ಕಂಡು, ಆಮೇಲೆ ತಳವೂ ಒಣಗಿತು. ಮೂರು ಬೆಳಿಗ್ಗೆ ಅವರು ಕೇಳಿದರು, ಮೂರು ಬೆಳಿಗ್ಗೆ ನಾನು ಹಾಕಿದೀನಿ ಎಂದೆ. ಮಾತು ಸರಾಗವಾಗಿ ಬಂತು, ನನಗೇ ಆಶ್ಚರ್ಯವಾಗುವಷ್ಟು.

ಅವರು ಹರಿಹರದವರನ್ನು ಕಳಿಸಲು ಹೋಗಿ ಅಲ್ಲೇ ಎರಡು ರಾತ್ರಿ ಉಳಿದು ಬಂದಿದ್ದರೆ, ನಡುವೆ ನನ್ನ ಸಿಟ್ಟು ಇಳಿದು, ಹೆದರಿ ಹಾಕಿಬಿಡುತ್ತಿದ್ದೆನೋ ಏನೋ. ಆದರೆ ಅವರು ಮನೆಯಲ್ಲೇ ಇದ್ದರು. ಮುಂದಿನ ವಾರದ ಸಂಡಿಗೆ ಹಿಟ್ಟಿನ ತರಾತುರಿಯಲ್ಲಿ ಬೀರುವಿನ ಮುಂದೆ ಕೂರಲು ಪುರುಸೊತ್ತಾಗಿರಲಿಲ್ಲ, ಅಷ್ಟೇ. ನಾಲ್ಕನೇ ದಿನ ಮಿಲ್ಲಿನ ಕೂಗಾದ ಮೇಲೆ ಮಣೆ ಹಾಕಿಕೊಂಡು ಬೀಗ ತೆಗೆದರು.

ನಾನು ಅಡುಗೆಮನೆಯ ಬಾಗಿಲಲ್ಲಿ ಇದ್ದೆ. ಕೂಗುತ್ತಾರೆ, ಬಯ್ಯುತ್ತಾರೆ ಎಂದುಕೊಂಡಿದ್ದೆ. ಬೀರುವಿನ ಹಿಂದಿನ ಎಡಗಾಲಿನಿಂದ ಕಪ್ಪು ದಾರದ ಹಾಗೆ ಇರುವೆ ಸಾಲು ಮೇಲೇರಿತ್ತು. ಆನೆಗಳ ಒಳಗೆಲ್ಲ ತೂತು. ಗೋಪುರ ಜಾಲರಿಯಾಗಿತ್ತು. ಎಲ್ಲಕ್ಕಿಂತ ಮುಂದೆ ಇಟ್ಟಿದ್ದ ಗುಲಾಬಿ ನವಿಲನ್ನು ಅವರು ಎತ್ತಿದಾಗ ಕತ್ತು ಕಳಚಿ ಹಲಗೆಯ ಮೇಲೆ ಬಿತ್ತು.

ಅವರು ಬಗ್ಗಿ ಕಲ್ಲಿನ ಬಟ್ಟಲಿಗೆ ಬೆರಳು ಹಾಕಿದರು. ಆ ಬೆರಳನ್ನು ನನ್ನ ಕಡೆ ಎತ್ತಿ ತೋರಿಸಿದರು. ಒಣ ಬೆರಳು, ತುದಿಯಲ್ಲಿ ಧೂಳು. ನಾಲ್ಕು ಬಟ್ಟಲಿಗೂ ಹಾಕಿದರು, ನಾಲ್ಕು ಸಲವೂ ತೋರಿಸಿದರು.

ಆಮೇಲೆ ಎಲ್ಲವನ್ನೂ ಮೊರಕ್ಕೆ ತುಂಬಿಕೊಂಡು ಹಿತ್ತಲಿಗೆ ಒಯ್ದು ಇರುವೆ ಗೂಡಿನ ಬಾಯಿಗೇ ಸುರಿದರು. “ತಿನ್ಲಿ,” ಎಂದರು. “ತಿನ್ನೋ ಬಾಯಿಗೆ ಕಾವಲು ಇಟ್ಟು ಏನು ಬಂತು.” ಒದ್ದೆ ಬಟ್ಟೆ ತಂದು ಖಾನೆಯನ್ನು ತಿಕ್ಕಿದರು. ಚೂರು ಸಕ್ಕರೆ ಕರಗಿ, ಬಣ್ಣ ಮರಕ್ಕೆ ಇಳಿಯಿತು. ಅದೇ ಈ ಕಲೆ.

ಆ ಸಂಜೆ ಅತ್ತೆ ನನ್ನನ್ನು ಮಾಳಿಗೆಗೆ ಕರೆದರು. ಬಯ್ಯಲಿಲ್ಲ, ಅದಕ್ಕೇ ಇನ್ನೂ ನೆನಪಿದೆ.

“ಮುಂದೆ ಇಟ್ಟಿದ್ದ ಆ ಗುಲಾಬಿ ನವಿಲು ಅವಳಿಗೆ ಬಂದದ್ದಲ್ಲ. ನಿನಗೆ ಕಳಿಸಿದ ನವಿಲಿನ ಜೊತಿದು, ಒಂದನ್ನ ತಾನು ಇಟ್ಕಂಡಿದ್ಲು. ನಿನಗೆ ಕಳಿಸಾಕೆ ಅಂತ ಅವಳೇ ಎರಡು ದಿನ ಒಲಿ ಮುಂದೆ ಕುಂತು ಎಲ್ಲ ಹೊಯ್ದಳು. ಪೇಟ್ಯಾಗೆ ಕೊಂಡು ತರೋಣ ಅಂದ್ರೆ ಬ್ಯಾಡ ಅಂದ್ಲು. ಪಾಕ ಮುಂಗೈ ಮೇಲೆ ಚೆಲ್ಲಿ ಬೊಬ್ಬಿ ಎದ್ದಿತ್ತು. ನೋಡಿಲ್ಲೇನು ಕಲೆ?”

ನೋಡಿದ್ದೆ. ಎಣ್ಣೆ ಸಿಡಿದದ್ದು ಎಂದುಕೊಂಡಿದ್ದೆ.

“ನಿಮ್ಮ ಮದುವಿಯಾಗೆ ನಿಮ್ಮವ್ವನ್ನ ಕೇಳಿದ್ಲು, ನವಿಲು ಹೆಂಗಿತ್ರಿ ಅಂತ. ಹುಡುಗ್ರು ಅವತ್ತೇ ಮುಗಿಸಿದ್ವು ಬಿಡ್ರಿ ಅಂತ ನಿಮ್ಮವ್ವ ನಕ್ಕಳು. ಚಂದಿತ್ತು ಅಂತ ಒಂದು ಮಾತು ಅಂದಿದ್ರೆ...”

ನಮ್ಮವ್ವ ಕೆಟ್ಟ ಮಾತು ಆಡಿರಲಿಲ್ಲ. ನಮ್ಮೂರಿನಲ್ಲಿ, ಮಾಡಿದ್ದು ಒಂದು ಚೂರೂ ಉಳಿಯಲಿಲ್ಲ ಎಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಪೇಟೆಯವರಿಗೆ ಅದು ಹೇಗೆ ಗೊತ್ತಾಗಬೇಕು. ಆದರೂ ನಾನು ಹೋಗಿ ತಪ್ಪಾಯಿತು ಅನ್ನಲಿಲ್ಲ. ಜಾತ್ರೆ ಅಂಗಡಿ ಎಂದ ಮಾತು, ಹೊಗೆ ಹಿಡಿದ ಗಿಳಿ, ಹರಿಹರದ ಹೆಂಗಸರ ನಗು, ಒಂದೂ ಕರಗಲಿಲ್ಲ. ಅವರೂ ಕೇಳಲಿಲ್ಲ. ಮಾರನೇ ದಿನದಿಂದ ನಾನು ತಪ್ಪದೆ ನೀರು ಹಾಕಿದೆ. ಹಾಕಿದ್ಯಾ ಎಂದು ಅವರು ಇನ್ನು ಕೇಳಲಿಲ್ಲ.

ನಡುವಿನ ಖಾನೆಯನ್ನು ಖಾಲಿ ಬಿಟ್ಟರು. ಮೇಲೆ ಕಪ್ಪು, ಕೆಳಗೆ ಬಾತುಕೋಳಿ, ನಡುವೆ ಬರೀ ಪೇಪರು. ಬಂದವರು ಕೇಳಿಯೇ ಕೇಳುತ್ತಿದ್ದರು, ಯಾಕ್ರೀ ಇದು ಖಾಲಿ? ಅಕ್ಕ ನನ್ನ ಮುಖ ನೋಡುತ್ತ ಹೇಳುತ್ತಿದ್ದರು, “ನಮ್ಮ ತಂಗಿ ಸಾಮಾನು ಇಡಲಿ ಅಂತ ಬಿಟ್ಟೀನಿ. ಪಾಪ, ಬಹಳ ಆಸೆ ಅವಳಿಗೆ.” ಆರು ವರ್ಷ ಈ ಮಾತು ಕೇಳಿದೆ. ಜಾಗ ಸಿಕ್ಕಿತ್ತು. ಇಡಲು ಕೈ ಬರಲಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾವನವರಿಗೆ ಹರಿಹರದಲ್ಲಿ ಕೆಲಸ ಸಿಕ್ಕಿ ಬೇರೆ ಮನೆ ಮಾಡಿದಾಗ ಕಪ್ಪು, ಬಾತುಕೋಳಿ ಎಲ್ಲ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹೋದವು. ಬೀರು ಎತ್ತಲು ಹಮಾಲರು ಬಂದರೆ ಅಕ್ಕ ಬ್ಯಾಡ ಎಂದರು. “ಇಲ್ಲೇ ಇರಲಿ. ನೀರು ಹಾಕೋರು ಇಲ್ಲೇ ಇದಾರಲ್ಲ.” ಬೀಗದ ಕೈಯನ್ನು ನನ್ನ ಕೈಗೆ ಕೊಡಲಿಲ್ಲ, ಅತ್ತೆಯ ಮಣೆಯ ಮೇಲೆ ಇಟ್ಟು ಹೋದರು.

ಅಕ್ಕ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಅತ್ತೆಯ ಜೊತೆ ಹರಿಹರಕ್ಕೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಲ್ಲಿ ಆ ಪೆಟ್ಟಿಗೆ ಮಂಚದ ಕೆಳಗೆ ಇನ್ನೂ ಹಗ್ಗ ಬಿಚ್ಚದೆ ಇತ್ತು. ಅತ್ತೆ ನೀರು ಕುಡಿಯಲು ಒಳಗೆ ಹೋದಾಗ ಅಕ್ಕ ಕಣ್ಣು ತೆರೆದರು.

“ನೀರು ಹಾಕ್ತೀಯಾ ಈಗಲೂ?”

“ಹಾಕ್ತೀನಿ ಅಕ್ಕ.”

“ಯಾಕ? ಒಳಗೆ ಏನೈತೆ ಅಂತ?”

ಹೊದಿಕೆಯ ಮೇಲಿದ್ದ ಅವರ ಮುಂಗೈ ನೋಡುತ್ತ ಕೂತೆ. ಕಲೆ ಇತ್ತು. ಅವರು ಗೋಡೆಯ ಕಡೆ ಹೊರಳಿದರು. ಎಂಟು ದಿನಕ್ಕೆ ಸುದ್ದಿ ಬಂತು. ಮಣ್ಣಿಗೆ ಹೋಗಿ ಬಂದೆವು. ನಾನು ಅಳಲಿಲ್ಲ. ಬೀರುವಿನ ಜಾಗದ ಸಲುವಾಗಿ ಜಗಳವಾಡಲು ನನಗೆ ಇನ್ನು ಯಾರೂ ಇಲ್ಲ ಎಂಬುದು ಮಾತ್ರ ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು.

ಇವತ್ತು ಆ ಕಲೆಯನ್ನು ಸೀಗೆಪುಡಿ ಹಾಕಿ ತಿಕ್ಕಿ ನೋಡಿದೆ. ಹೋಗಲಿಲ್ಲ. ಟ್ರಂಕಿನ ತಳದಿಂದ ಗಿಳಿಗಳನ್ನು ತೆಗೆದು ಅಂಟುವಾಳದ ನೀರಿನಲ್ಲಿ ತೊಳೆದೆ. ಬಿಳಿ ಮಣಿ ಪೂರ್ತಿ ಬಿಳಿಯಾಗಲಿಲ್ಲ, ಇದ್ದದ್ದರಲ್ಲಿ ವಾಸಿ. ಖಾನೆಯಲ್ಲಿಟ್ಟು, ಗಾಜು ಮುಚ್ಚಿ, ದೂರ ನಿಂತು ನೋಡಿದೆ. ಒಂದು ಗಳಿಗೆ. ಮತ್ತೆ ತೆಗೆದು ಟ್ರಂಕಿಗೆ ಹಾಕಿದೆ. ಹೊಸ ಪೇಪರು ಹಾಸಿದೆ. ನಾಲ್ಕು ಬಟ್ಟಲಿಗೂ ನೀರು ಹಾಕಿದೆ.

ರಾತ್ರಿಗೆ ಜೋಳದ ರೊಟ್ಟಿ, ಹೀರೇಕಾಯಿ ಪಲ್ಯ, ಶೇಂಗಾ ಚಟ್ನಿ. ಅತ್ತೆಗೆ ಹಲ್ಲಿಲ್ಲ, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಟ್ಟೆ. ಸಕ್ಕರೆ ಹಾಕು ಎಂದರು, ಹಾಕಿದೆ. ಮೊದಲು ಮಲಗಿದ್ದು ಅವರೇ, ನಾನು ಇದನ್ನು ಬರೆಯುತ್ತ ಕೂತೆ.