ಗಯಾಬಾಯಿಯ ಕೈಗೆ ಕೂತ ನಿಬ್ಬು

ಮೋರಖಂಡಿಯ ಗಯಾಬಾಯಿಗೆ ಎರಡು ಜೀವಗಳನ್ನು ಕಂಡರೆ ಆಗುತ್ತಿರಲಿಲ್ಲ. ಒಂದು ತೊಗರಿ ಹೊಲಕ್ಕೆ ನುಗ್ಗುವ ಹಂದಿ, ಇನ್ನೊಂದು ಮೈದುನ ಕಾಶಿರಾಮ. ಹಂದಿಗಾದರೂ ಕೂಗಿದರೆ ಓಡುವಷ್ಟು ಮರ್ಯಾದೆ ಇದೆ ಎನ್ನುತ್ತಿದ್ದಳು.

ಹಗೆ ಹಳೆಯದು. ಗಂಡ ಸತ್ತ ಮೇಲೆ ಹೊಲ ಪಾಲಾದ ದಿನ ಅವಳು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಹುಮನಾಬಾದಿನ ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಕಾಶಿರಾಮ ಮಂದಿಯೆದುರು ಅತ್ತಿಗೆಯನ್ನು ತೋರಿಸಿ ನಕ್ಕಿದ್ದ.

“ನಮ್ಮ ವೈನಿ ಅಂಗೂಠಾ ಛಾಪ್ ಅದಾರ್ರಿ. ಬೆರಳಿಗೆ ನೀಲಿ ಬಣ್ಣ ಛಲೋ ಒಪ್ತದ.”

ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಮುಂದಿನ ಸಂತೆಗೆ ಹುಮನಾಬಾದಿಗೆ ಹೋದವಳು ಇಸ್ಮಾಯಿಲನ ಅಂಗಡಿಯಲ್ಲಿ ಒಂದು ಕರಿ ಶಾಯಿ ಪೆನ್ನು ಕೊಂಡಳು. ಮಗನ ಕೈಯಿಂದ ತನ್ನ ಹೆಸರು ಬರೆಸಿಕೊಂಡು ಅದರ ಮೇಲೆಯೇ ತಿದ್ದತೊಡಗಿದಳು. ಎಂದೋ ಕುಡುಗೋಲು ತಾಗಿ ಅವಳ ಬಲಗೈಯ ತೋರುಬೆರಳು ಸೆಟೆದುಹೋಗಿತ್ತು, ಮಡಚಲು ಬರುತ್ತಿರಲಿಲ್ಲ. ಹಾಗಾಗಿ ಪೆನ್ನನ್ನು ಹೆಬ್ಬೆರಳಿಗೂ ನಡುಬೆರಳಿಗೂ ಸಿಕ್ಕಿಸಿ, ಒಂದು ಬದಿಗೆ ಹೊರಳಿಸಿ ಹಿಡಿಯುತ್ತಿದ್ದಳು. ಮೊದಮೊದಲು ನಿಬ್ಬು ಕಾಗದವನ್ನೇ ಹರಿದುಹಾಕಿತು. ಅದನ್ನೂ ಬೈದಳು, ಆದರೆ ಬಿಡಲಿಲ್ಲ. ವರ್ಷಗಟ್ಟಲೆ ಉಜ್ಜಿ ಉಜ್ಜಿ ನಿಬ್ಬಿನ ತುದಿ ಆ ಬದಿಗೇ ಸವೆದು ಅವಳ ಕೈಗೆ ಕೂತಿತು. ಬೇರೆ ಯಾರು ಹಿಡಿದರೂ ಕರಕರ ಎನ್ನುತ್ತಿತ್ತು, ಅವಳು ಹಿಡಿದರೆ ಬೆಣ್ಣೆ. ಬಾಲ್‌ಪೆನ್ನನ್ನಂತೂ ಅವಳು ಮುಟ್ಟುತ್ತಿರಲಿಲ್ಲ. “ಯಾರ ಕೈಯಾಗಾದ್ರೂ ಓಡ್ತದ, ನಾಚಿಕಿಲ್ಲದ್ದು!”

ಇತ್ತ ಕಾಶಿರಾಮನಿಗೆ ಕೆಲಸ ಬಿಟ್ಟ ಮೇಲೆ ಪೆನ್ನಿನ ಹುಚ್ಚು ಹತ್ತಿತು. ಮಾಣಿಕನಗರದ ಮನೆಯಲ್ಲಿ ಗಾಜಿನ ಕಪಾಟು, ಅದರ ತುಂಬ ಹಳೆಯವು ಹೊಸವು. ಒಂದರಲ್ಲೂ ಒಂದು ಸಾಲು ಬರೆದ ಪುಣ್ಯಾತ್ಮನಲ್ಲ. ಬೆಳಗಾದರೆ ಒರೆಸುವುದು, ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದು, ಇದೇ ಕಸುಬು. ಅತ್ತಿಗೆಯ ಪೆನ್ನಿನ ಮೇಲೂ ಕಣ್ಣು ಬಿತ್ತು. ಅಂಥದ್ದು ಈಗ ಸಿಗುವುದಿಲ್ಲ, ಕೊಡಿ ಎಂದು ಕೇಳಿದ.

“ಮೊದಲ ನಿನ್ನ ಹಲ್ಲು ಕಿತ್ತು ಕಪಾಟಿನ್ಯಾಗ ಇಡು,” ಅಂದಳು.

ಈ ವರ್ಷ ಮೊಮ್ಮಗಳು ಮನೀಷಾಳ ಮದುವೆಯಾಯಿತು. ಬಸವಕಲ್ಯಾಣದ ಕಚೇರಿಯಲ್ಲಿ ನೋಂದಣಿ. ಸಾಕ್ಷಿಗೆ ಅಜ್ಜಿಯೇ ಸಹಿ ಹಾಕಬೇಕೆಂದು ಮನೀಷಾ ಹಟ ಹಿಡಿದಳು. ಗಯಾಬಾಯಿಗೂ ಬೇಕಾದದ್ದು ಅದೇ. ಬೀಗರ ಎದುರಿಗೆ, ಕಾಶಿರಾಮನ ಕಣ್ಣೆದುರಿಗೆ ಒಮ್ಮೆ ಹೆಸರು ಬರೆದು ಆ ನಕ್ಕ ಬಾಯಿ ಮುಚ್ಚಿಸಬೇಕು.

ನೋಂದಣಿಯ ಹಿಂದಿನ ವಾರ ಅವಳು ಹೊಲದಲ್ಲಿದ್ದಾಗ ಕಾಶಿರಾಮ ಮನೆಗೆ ಬಂದಿದ್ದ. “ಶಾಯಿ ಸೋರಾಕತ್ತದ, ರಿಪೇರಿ ಮಾಡಿ ತರ್ತೀನಿ,” ಎಂದು ಮನೀಷಾಳಿಗೆ ಹೇಳಿ, ಗೂಡಿನಲ್ಲಿದ್ದ ಪೆನ್ನು ಒಯ್ದಿದ್ದ. ಗಯಾಬಾಯಿ ಫೋನಿನಲ್ಲೇ ಅವನ ಜನ್ಮ ಜಾಲಾಡಿದಳು. ಆದರೂ ಅವನು ಪೆನ್ನು ತಂದದ್ದು ನೋಂದಣಿಯ ದಿನವೇ, ಕಚೇರಿಯ ಬಾಗಿಲಿಗೆ.

ಪೆನ್ನು ಥಳಥಳ ಹೊಳೆಯುತ್ತಿತ್ತು.

“ನಿಬ್ಬು ಒಂದ್ ಬಾಜು ಸವದಿತ್ತು ವೈನಿ. ಪಾಲಿಶ್ ಕಾಗದಕ್ಕ ತಿಕ್ಕಿ ನೆಟ್ಟಗ ಮಾಡೀನಿ. ಗ್ರೂಪಿನ್ಯಾಗ ಎಲ್ಲಾರೂ ಶಹಬ್ಬಾಸ್ ಅಂದ್ರು.”

ಗಯಾಬಾಯಿ ಅವನ ಕೈಯಿಂದ ಪೆನ್ನು ಕಿತ್ತುಕೊಂಡಳು. ಒಳಗೆ ಮದುಮಕ್ಕಳು ಕಾಶಿರಾಮನ ಬಂಗಾರದ ನಿಬ್ಬಿನ ಪೆನ್ನಿನಲ್ಲಿ ಸಹಿ ಮಾಡಿದರು. ಬೀಗರಿಗೆ ತೋರಿಸಲೆಂದೇ ಅವನು ಅದಕ್ಕೆ ನೀಲಿ ಶಾಯಿ ತುಂಬಿಸಿ ತಂದಿದ್ದ, ಸಹಿಯಾದೊಡನೆ ಒರೆಸಿ ಜೇಬಿಗೆ ಸಿಕ್ಕಿಸಿಕೊಂಡ. ತನ್ನ ಸರದಿ ಬಂದಾಗ ಗಯಾಬಾಯಿ ತನ್ನ ಪೆನ್ನು ಹಿಡಿದು, ರೂಢಿಯಂತೆ ಹೊರಳಿಸಿ ಊರಿದಳು. ಶಾಯಿ ಬರಲಿಲ್ಲ. ಇನ್ನೊಮ್ಮೆ ಊರಿದಳು. ಕಾಗದದ ಮೇಲೆ ಒಣ ಗೀರು ಬಿತ್ತು, ಅಷ್ಟೇ. ನಿಬ್ಬಿನ ಮೇಲೆ ಇಷ್ಟು ವರ್ಷ ಸವೆಸಿ ಸವೆಸಿ ಮಾಡಿಕೊಂಡ ಅವಳ ಜಾಗವನ್ನೇ ಅವನು ತಿಕ್ಕಿ ತೆಗೆದಿದ್ದ.

“ಆಯಿ, ಹಿಂದ ಮಂದಿ ನಿಂತಾರ,” ಎಂದ ಗುಮಾಸ್ತ. “ಈ ಬಾಲ್‌ಪೆನ್ ತಗೊಳ್ರಿ. ಇಲ್ಲಾಂದ್ರ ಹೆಬ್ಬೆಟ್ಟು ಒತ್ರಿ.”

ಕಾಶಿರಾಮ ನಗುತ್ತ ಮಸಿಯ ಡಬ್ಬಿಯನ್ನು ಅವಳ ಕಡೆ ಸರಿಸಿದ. “ಒತ್ತಿಬಿಡ್ರಿ ವೈನಿ. ನಿಮಗ ರೂಢಿ ಅದನಲ್ಲ.”

ಬೀಗರ ಕಡೆಯವರು ಯಾರೋ ಕಿಸಕ್ಕೆಂದರು. ಗಯಾಬಾಯಿಯ ಕಣ್ಣು ತುಂಬಿತು. ಅಳುವೆಂದುಕೊಂಡು ಮನೀಷಾ ಭುಜ ಹಿಡಿದಳು, ಆದರೆ ಅದು ಸಿಟ್ಟು. ಮುದುಕಿ ಸರ್ರನೆ ಕೈಚಾಚಿ ಕಾಶಿರಾಮನ ಜೇಬಿನಿಂದ ಬಂಗಾರದ ನಿಬ್ಬಿನ ಪೆನ್ನು ಎಳೆದುಕೊಂಡಳು.

“ಏ ವೈನಿ! ಹಂಗ ಹಿಡೀಬ್ಯಾಡ್ರಿ, ಒತ್ತಬ್ಯಾಡ್ರಿ!”

ಅವಳು ಹಾಗೆಯೇ ಹಿಡಿದಳು, ಅದೇ ಬದಿಗೆ ಹೊರಳಿಸಿ. ಕಳೆ ಕಿತ್ತು ಗಟ್ಟಿಯಾದ ಕೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ನಿಬ್ಬು ಕಿರ್ರೆಂದು ಬಾಯಿ ಬಿಟ್ಟಿತು, ಶಾಯಿ ಧಾರಾಳವಾಗಿ ಇಳಿಯಿತು. ಗಯಾಬಾಯಿ ಎಂಬ ಹೆಸರು ದಪ್ಪಗೆ ಮೂಡಿ, ಕಾಗದದ ಪಕ್ಕದ ಚೌಕಕ್ಕೂ ಸ್ವಲ್ಪ ಹರಿಯಿತು. ಗುಮಾಸ್ತ ಅದರ ಕೆಳಗೆ ಕಚೇರಿಯ ಶಿಕ್ಕಾ ಒತ್ತಿದ.

ನಿಬ್ಬು ಎರಡು ದಿಕ್ಕಿಗೆ ಸೀಳಿ ನಿಂತ ಪೆನ್ನನ್ನು ಅವಳು ಕಾಶಿರಾಮನ ಅಂಗೈಯಲ್ಲಿಟ್ಟಳು. ಅವನ ಬೆರಳಿಗೆಲ್ಲ ನೀಲಿ ಹತ್ತಿತು.

“ಇದೂ ನನ್ನ ಕೈಗೆ ಕೂತದ ನೋಡು ಕಾಶ್ಯಾ,” ಅಂದಳು. “ಮನಿಗಿ ಒಯ್ದು ತಿಕ್ಕು.”